ಸುಣ್ಣ ಹಚ್ಚಿದ ಹವಾಯಿ

ನಲವತ್ತೆಂಟರ ಪೊಲೀಸ್ ಆಕ್ಷನ್ ಮುಗಿದ ಹೊಸತು. ಕಲಬುರಗಿಯಲ್ಲಿ ಸಿಡಿಮದ್ದಿನ ಹೆಸರೆತ್ತಿದರೆ ಸಾಕು, ಕಚೇರಿಯವರು ಹುಬ್ಬು ಗಂಟಿಕ್ಕುತ್ತಿದ್ದರು. ಗಾಜಿಪುರ ಓಣಿಯ ನಮ್ಮ ಪಕ್ಕದ ಮನೆಯ, ಎಲ್ಲರೂ ಚಿಕ್ಕಮ್ಮನೆಂದು ಖಾಲಾ ಎನ್ನುತ್ತಿದ್ದಾಕೆ, ಮದುವೆ ಮೆರವಣಿಗೆಗಳಿಗೆ ಹವಾಯಿ, ಅಂದರೆ ಆಕಾಶಬಾಣ, ಕಟ್ಟಿಕೊಡುವಾಕೆ. ಗಂಡ ತೀರಿಕೊಂಡ ಮೇಲೆ ಆಕೆಗೆ ಗೊತ್ತಿದ್ದ ಕಸುಬು ಅದೊಂದೇ. ಆಕೆಯ ಪರವಾನಗಿಯನ್ನು ತಹಸೀಲ್ದಾರರು ತಡೆಹಿಡಿದಿದ್ದರು. ನಾಲ್ಕು ಹವಾಯಿ ಕಟ್ಟಲು ಅಪ್ಪಣೆ. ಮೂರು ಆಕೆಯ ಪರೀಕ್ಷೆಗೆ, ನಾಲ್ಕನೆಯದು ಕಮಲಾಪುರದ ಬಯಲಲ್ಲಿ ಅವರ ಕಣ್ಣೆದುರು ನೆಟ್ಟಗೆ ಹಾರಬೇಕು. ಸೊಟ್ಟ ಹೋದರೆ ಕಸುಬು ಬಂದ್.

ನಾನಾಗ ಹೊಸದಾಗಿ ಗಣಿತದ ಮಾಸ್ತರನಾಗಿದ್ದೆ, ಕಾಲು ನೆಲದ ಮೇಲಿರಲಿಲ್ಲ.

"ಬಿಡ್ರಿ ಖಾಲಾ, ನಾ ಲೆಕ್ಕ ಹಾಕಿ ಕೊಡ್ತೀನಿ" ಎಂದು ಒಂದಿಡೀ ನೋಟುಬುಕ್ಕು ತುಂಬಿಸಿದೆ. ಬಾಲವಾಗಿ ಕಟ್ಟುವ ಬಿದಿರ ಕಡ್ಡಿ ಉದ್ದವಿದ್ದಷ್ಟೂ ಹವಾಯಿ ನೆಟ್ಟಗೆ ಹೋಗುತ್ತದೆ ಎಂದಿತು ಲೆಕ್ಕ. ಭಾರವಾಗಬಾರದೆಂದು ಕಡ್ಡಿಯನ್ನು ತೆಳ್ಳಗೆ ಸೀಳಿಸಿದೆ. ಬೆರಳ ಮೇಲಿಟ್ಟು ತೂಗಿದರೆ ಎಲ್ಲ ಸರಿಯಾಗಿತ್ತು.

ಖಾಲಾ ಆ ಕಡ್ಡಿಗೆ ಉದ್ದಕ್ಕೂ ಸುಣ್ಣ ಬಳಿದು ಬಿಸಿಲಲ್ಲಿ ಒಣಗಿಸಿದಳು. ಸಿಂಗಾರವೆಂದುಕೊಂಡು ನಾನು ನಕ್ಕೆ.

ಕಮಲಾಪುರದ ಕೆಂಪುಬಾಳೆ ತೋಟಗಳಾಚೆ ಮೊದಲನೆಯದನ್ನು ಹಾರಿಸಿದೆವು. ಸುಂಯ್ ಎಂದು ಎದ್ದಿತು! ಅಷ್ಟರಲ್ಲಿ ಬಾಲ ಹಾವಿನಂತೆ ಅಲ್ಲಾಡಿ, ಮೂತಿ ತಿರುಗಿಸಿಕೊಂಡು ಹೋಗಿ ಹೊಲದಲ್ಲಿ ಬಿತ್ತು. ನಾನು ಮದ್ದಿಗೆ ಬಾಯಿಗೆ ಬಂದಂತೆ ಬೈದೆ.

ಖಾಲಾ ಕಡ್ಡಿ ಹುಡುಕಿ ತಂದಳು. "ಮದ್ದಿಗ್ಯಾಕ ಬೈತೀರಿ ಮಾಸ್ತರ್ರ? ಇಲ್ಲಿ ಸುಣ್ಣ ಉದುರ್ಯಾದ ನೋಡ್ರಿ. ಮ್ಯಾಲ ಹೋಗಾಗ ಇಲ್ಲೇ ಬಾಗ್ಯಾದ. ಬೆರಳ ಮ್ಯಾಲ ಇಟ್ರ ಅದು ಹ್ಯಾಂಗ ಕಾಣ್ತದ?"

ಮದ್ದಿನ ನಳಿಕೆಯ ಕೆಳಗೆ ಗೇಣುದ್ದ ಸುಣ್ಣ ಬಿರಿದು ಉದುರಿತ್ತು. ನನ್ನ ನೋಟುಬುಕ್ಕಿನ ಕಡ್ಡಿ ಬಾಗುವುದೇ ಇಲ್ಲವಲ್ಲ! ಸರಿ ಉತ್ತರ ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾದದ್ದಿಲ್ಲ. ಎರಡನೆಯದಕ್ಕೆ ಕಡ್ಡಿಯ ಕುತ್ತಿಗೆ ದಪ್ಪ ಬಿಟ್ಟು ಬಾಲ ಮಾತ್ರ ಕೆತ್ತಿದೆವು. ಹಾರಿಸಿ ನೋಡಿದರೆ ಬಿರುಕು ನಾಲ್ಕು ಬೆರಳಿಗೆ ಇಳಿದಿತ್ತು. ಮೂರನೆಯದನ್ನು ಸ್ವಲ್ಪ ಗಿಡ್ಡ ಮಾಡಿದೆವು. ಕೂದಲೆಳೆಯಂಥ ಎರಡು ಗೆರೆ ಉಳಿದವು. ನಾಲ್ಕನೆಯದನ್ನು ಇನ್ನೆರಡು ಬೆರಳು ಗಿಡ್ಡ ಮಾಡಿ ಕಟ್ಟಿದಳು.

ಆ ದಿನ ತಹಸೀಲ್ದಾರರೆದುರು ಅದು ಗೆರೆ ಎಳೆದಂತೆ ಏರಿತು. ನಾನು ಮಾಸ್ತರನೆಂಬುದನ್ನೂ ಮರೆತು ಕೂಗಿಬಿಟ್ಟೆ. ಅವರು ಮಾತ್ರ ಮುಖ ಗಂಟು ಹಾಕಿಕೊಂಡೇ, "ಇದು ನಸೀಬು. ನಾಳೆ ಮತ್ತ ಸೊಟ್ಟ ಹೋದ್ರ?" ಎಂದರು.

ಖಾಲಾ ಬಿದ್ದ ಕಡ್ಡಿಯನ್ನೂ ಹುಡುಕಿ ತಂದು, ನಾಲ್ಕೂ ಕಡ್ಡಿಗಳನ್ನು ಸಾಲಾಗಿ ಅವರ ಮುಂದಿಟ್ಟಳು. "ನಸೀಬಿಗಿ ಸುಣ್ಣ ಹಚ್ಚಾಕ ಬರಂಗಿಲ್ರಿ ಸಾಹೇಬ್ರ. ಇವನ್ನ ನೋಡ್ರಿ."

ಅವರು ಬಗ್ಗಿ, ಒಂದೊಂದನ್ನೇ ಬೆರಳಿಂದ ಸವರಿದರು. ಕೊನೆಯದರಲ್ಲಿ ಒಂದು ಬಿರುಕೂ ಇರಲಿಲ್ಲ. ಕೋಟಿನ ಜೇಬಿನಿಂದ ಪರವಾನಗಿಯ ಕಾಗದ ತೆಗೆದು ಆಕೆಯ ಕೈಗಿತ್ತರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಕೆ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ನನ್ನ ನೋಟುಬುಕ್ಕು ಎಲ್ಲಿ ಎಂದು ಕೇಳಿದೆ.

"ಅದರ ಹಾಳಿಲೇ ಸಾಹೇಬ್ರ ಮುಂದ ಹಾರಿಸಿದ ಹವಾಯಿದ ನಳಿಗಿ ಸುತ್ತಿದ್ದೆ" ಎಂದಳು. "ಕಡೀಕ ನಿಮ್ಮ ಲೆಕ್ಕನೂ ನೆಟ್ಟಗ ಹೋತು, ಮಾಸ್ತರ್ರ."