ಹೈಫಾಂಗ್ ಮಳೆಗೊಂದು ತಾಲೀಮು

ನಿನ್ನೆ ತರಿಸಿದ ಹೊಸ ಬೂಟಿನ ಡಬ್ಬಿ ತೆರೆದಾಗ ಅದರ ಮೂಲೆಯಿಂದ ಒಂದು ಪುಟ್ಟ ಬಿಳಿ ಪುಡಿಕೆ ನೆಲಕ್ಕೆ ಬಿತ್ತು. ನೀವೂ ಕಂಡಿರುತ್ತೀರಿ. ಒಳಗೆ ಸಾಬೂದಾಣಿಯಂಥ ಕಾಳು, ಮೇಲೆ ತಿನ್ನಬೇಡಿ ಎಂಬ ಎಚ್ಚರಿಕೆ. ತೇವ ಹೀರಿಕೊಳ್ಳುವ ಸಿಲಿಕಾ ಜೆಲ್ ಅದು. ಎಲ್ಲರ ಮನೆಯಲ್ಲೂ ಸೀದಾ ಕಸದ ಬುಟ್ಟಿಗೆ ಹೋಗುವಂಥದ್ದು. ನಾನು ಮಾತ್ರ ಅದನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಆಮೇಲೆ ಬೂಟು ಹಾಕಿ ನೋಡುವ ಮನಸ್ಸೇ ಆಗಲಿಲ್ಲ.

ಇಂಥ ಪುಡಿಕೆಗಳನ್ನು ಇಟ್ಟು ಇಟ್ಟೇ ನನ್ನ ಅಕ್ಕ ನನ್ನನ್ನು ಓದಿಸಿದಳು. ಅಪ್ಪ ತೀರಿಕೊಂಡ ವರ್ಷ ನನ್ನನ್ನೂ ಒಂದು ಟ್ರಂಕನ್ನೂ ಎಳೆದುಕೊಂಡು ಧಾರವಾಡದಿಂದ ಪುಣೆಗೆ ಬಂದವಳು ಭೋಸರಿಯ ಒಂದು ಪಂಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ರಿಟೈರ್ ಆಗುವತನಕ ಅದೇ ಕೆಲಸ. ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಬಿಡಿಭಾಗಗಳಿಗೆ ಎಣ್ಣೆ ಸವರುವುದು, ಹಳದಿ ಮೇಣಗಾಗದ ಸುತ್ತುವುದು, ಪುಡಿಕೆ ಇಡುವುದು, ಕಟ್ಟಿಗೆಯ ಪೆಟ್ಟಿಗೆ ಮುಚ್ಚಿಸಿ ಮೇಲೆ ಊರಿನ ಹೆಸರು ಬರೆಯುವುದು. ಸಂಜೆ ಮನೆಗೆ ಬಂದರೆ ಅವಳ ಸೆರಗಿಗೆ ಆ ಎಣ್ಣೆಯ ವಾಸನೆ. ಅವಳು ಮಾಡಿದ ಜುಣಕಕ್ಕೂ ಸ್ವಲ್ಪ ಇರುತ್ತಿತ್ತು ಎಂದು ನಾನು ಕಾಡಿಸುತ್ತಿದ್ದೆ. "ಅದಕ್ಕ ನೋಡು, ನಿನಗ ಇನ್ನೂ ತುಕ್ಕು ಹಿಡದಿಲ್ಲ" ಎನ್ನುತ್ತಿದ್ದಳು.

ಪ್ರಪಂಚದ ಊರುಗಳನ್ನೆಲ್ಲ ಅವಳು ಮಳೆಯ ಮೇಲೆಯೇ ಅಳೆಯುತ್ತಿದ್ದಳು. ದುಬೈ ಎಂದರೆ ಎರಡು ಪುಡಿಕೆಯ ಊರು. ವಿಯೆಟ್ನಾಮಿನ ಹೈಫಾಂಗ್ ಬಂದರು ಎಂದರೆ ಎಂಟು. ಭೂಗೋಳದಲ್ಲಿ ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ಈ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಎಂಟು ಪುಡಿಕೆ ಇಟ್ಟರೂ ಒಂದು ಸಲ ಹೈಫಾಂಗಿನ ಪೆಟ್ಟಿಗೆಗೆ ನೀರು ಹೊಕ್ಕಿತು. ಅಲ್ಲಿಂದ ದೂರಿನ ಪತ್ರ ಬಂತು, ಜೊತೆಗೊಂದು ಫೋಟೋ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸಾಹೇಬರನ್ನು ಕೇಳಿ ಆ ಫೋಟೋ ಮನೆಗೆ ತಂದಳು. ತುಕ್ಕು ಹಿಡಿದ ಭಾಗ ಎಲ್ಲಿ ಕಾಣುತ್ತದೆಂದು ನಾನು ಹುಡುಕುತ್ತಿದ್ದರೆ ಅವಳ ಬೆರಳು ಬೇರೆ ಕಡೆ ಇತ್ತು. ಧೋ ಎಂದು ಸುರಿಯುವ ಮಳೆ, ಅಂಗಳದಲ್ಲಿ ಬಾಯಿ ತೆರೆದ ಪೆಟ್ಟಿಗೆ, ಅದಕ್ಕೆ ಛತ್ರಿ ಹಿಡಿದು ನಿಂತ ಒಬ್ಬ ಹೆಂಗಸು. ಛತ್ರಿಯೆಲ್ಲ ಪೆಟ್ಟಿಗೆಗೆ, ಮಳೆಯೆಲ್ಲ ಅವಳಿಗೆ.

"ನಾ ಕಟ್ಟಿದ ಪೆಟಗಿಗೆ ಛತ್ರಿ ಹಿಡದಾಳ ನೋಡೋ ತಮ್ಮಾ, ತಾ ತೋಯ್ಸಿಕೊಂಡು" ಎಂದಳು. ಫೋಟೋಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಯ ಬಾಗಿಲ ಪಕ್ಕ ತೂಗುಹಾಕಿದಳು. ಬಂದವರು ಇವರು ನಿಮಗೇನಾಗಬೇಕು ಎಂದು ಕೇಳುತ್ತಿದ್ದರು.

ರಿಟೈರ್ ಆದ ಮಾರನೆಯ ದಿನ ಚಹಾ ಕುಡಿಯುತ್ತ ಕೇಳಿದಳು, "ನನ್ನ ಹೈಫಾಂಗಿಗೆ ಕರಕೊಂಡ ಹೋಗ್ತಿ ಏನು? ಮಳಿಗಾಲದಾಗ ಹೋಗಬೇಕು."

"ಮಳಿಗಾಲದಾಗ ಯಾರು ಹೋಗ್ತಾರ ಅಕ್ಕಾ? ಡಿಸೆಂಬರ್‌ದಾಗ ಹೋಗೂಣು, ಹವಾ ಛಲೋ ಇರ್ತದ."

"ಇಷ್ಟ ವರ್ಷ ಆ ಮಳಿ ಜೋಡಿ ಜಗಳ ಆಡೇನಿ. ಒಮ್ಮೆ ಅದರ ಮಾರಿ ನೋಡಬೇಕೋ."

ಜೀವಮಾನದಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ. ಆಗಲಿ ಎಂದೆ. ಆದರೆ ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ನಾನು ಶಿವಾಜಿನಗರಕ್ಕೆ ಹೋಗಬೇಕಾದರೂ ಗ್ಯಾಸು ಬಂದ್ ಮಾಡಿದೆನೋ ಎಂದು ಮೆಟ್ಟಿಲಿನಿಂದ ಎರಡು ಸಲ ತಿರುಗಿ ಬರುವವನು. ಇನ್ನೂರು ಪುಟದ ಒಂದು ವಹಿ ತಂದು ಯೋಜನೆಗೆ ಕೂತೆ. ಹೈಫಾಂಗಿನ ಹವಾಮಾನಕ್ಕೆ ಒಂದು ಭಾಗ, ಔಷಧಿಗೆ ಒಂದು, ಕಡಕ್ ರೊಟ್ಟಿ ಮತ್ತು ಶೇಂಗಾಚಟ್ನಿಗೆ ಒಂದು. ಅಕ್ಕನ ಪಾಸ್‌ಪೋರ್ಟು ಬಂತು. ಮೊದಲ ವರ್ಷ ಅಲ್ಲಿ ಮಳೆ ಜಾಸ್ತಿ ಎಂದು ಓದಿ ಮುಂದೂಡಿದೆ. ಎರಡನೆಯ ವರ್ಷ ಚಂಡಮಾರುತದ ಸುದ್ದಿ ಬಂತು, ಮತ್ತೆ ಮುಂದೂಡಿದೆ. ಅಕ್ಕ ರೊಟ್ಟಿಗೆಂದು ತೆಗೆದಿಟ್ಟ ಜೋಳದ ಹಿಟ್ಟು ತೆಗೆದು ತಾಲಿಪೆಟ್ಟು ಮಾಡಿದಳು.

ಮೂರನೆಯ ವರ್ಷ ಟಿಕೀಟು ನಿಜವಾಗಿಯೂ ಬಂತು. ಹೊರಡುವುದಕ್ಕೆ ಹನ್ನೆರಡು ದಿನ ಇರುವಾಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅಷ್ಟು ಮಳೆಯನ್ನು ಈ ವಯಸ್ಸಿನಲ್ಲಿ ಅಕ್ಕ ತಡೆದಾಳೇ? ಒಂದು ತಾಲೀಮು ಆಗಲಿ, ಲೋಣಾವಳಾಕ್ಕೆ ಹೋಗಿ ನೆನೆದು ನೋಡೋಣ ಎಂದೆ. ಪುಣೆಯ ಜನ ಮಳೆಗಾಲದಲ್ಲಿ ಲೋಣಾವಳಾಕ್ಕೆ ಭಜಿ ತಿನ್ನಲು ಹೋಗುತ್ತಾರೆ. ಪರೀಕ್ಷೆ ಕೊಡಿಸಲು ಅಕ್ಕನನ್ನು ಕರೆದೊಯ್ದವನು ನಾನೊಬ್ಬನೇ ಇರಬೇಕು. ಅವಳಿಗೆಂದು ರೇನಕೋಟನ್ನೂ ತಂದೆ, ಸೀರೆಯ ಮೇಲೆ ಸಡಿಲವಾಗಿ ಬರಲೆಂದು ಒಂದು ಅಳತೆ ದೊಡ್ಡದು.

"ಛತ್ರಿ ಸಾಕಲ್ಲೋ" ಎಂದಳು.

"ಕೈ ಖಾಲಿ ಇರಬೇಕು ಅಕ್ಕಾ, ಹಿಡಕೊಳ್ಳಾಕ."

ಲೋಕಲ್ ಗಾಡಿ ಇಳಿದಾಗ ಮುಂದಿನ ಕಂಬ ಕಾಣದಷ್ಟು ಮಳೆ. ಅಕ್ಕ ರೇನಕೋಟಿನ ಟೊಪ್ಪಿಗೆ ಹಿಂದೆ ಸರಿಸಿ ಮುಖ ಮೇಲೆತ್ತಿದಳು. ನಾನು ಟೊಪ್ಪಿಗೆಯನ್ನು ಮತ್ತೆ ಎಳೆದು ಗುಂಡಿ ಹಾಕಿದೆ. ಸ್ಟೇಶನ್ನಿನ ಸೇತುವೆಯ ಮೆಟ್ಟಿಲಿಳಿಯುವಾಗ ರೇನಕೋಟಿನ ಅಂಚು ಅವಳ ಕಾಲಡಿ ಸಿಕ್ಕಿತು. ಕೆಳಗೆ ಮೆಕ್ಕೆತೆನೆ ಸುಡುತ್ತಿದ್ದ ಹೆಂಗಸು "ಆಜಿ, ಹಳೂ!" ಅಜ್ಜಿ ನಿಧಾನ, ಎಂದು ಮರಾಠಿಯಲ್ಲಿ ಕೂಗುವಷ್ಟರಲ್ಲಿ ಅಕ್ಕ ಏಳೆಂಟು ಮೆಟ್ಟಿಲು ಜಾರಿ ಬಿದ್ದಿದ್ದಳು. ಖಾಲಿ ಇದ್ದ ಕೈಗಳಿಗೆ ಹಿಡಿಯಲು ಏನೂ ಸಿಕ್ಕಿರಲಿಲ್ಲ.

ಸೊಂಟದ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆ ಆದ ದಿನ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಒಳಗ ಸ್ಟೀಲ್ ಕೂಡ್ಸ್ಯಾರಂತ. ತುಕ್ಕು ಹಿಡಿಯೂದಿಲ್ಲ ಹೌದಿಲ್ಲೋ, ಡಾಕ್ಟರ್‌ಗ ಕೇಳಿ ಬಾ." ನಕ್ಕೆವು. ಎಲುಬು ಕೂಡಲಿಲ್ಲ. ಎರಡನೆಯ ಸಲ ಕೊಯ್ದರು, ಆಗಲೂ ಕೂಡಲಿಲ್ಲ. ನಗು ಯಾವ ತಿಂಗಳು ನಿಂತಿತೋ ನಾನು ಗಮನಿಸಲಿಲ್ಲ. ಒಂದು ದಿನ "ಆ ಫೋಟೋ ತಗದ ಇಡು ತಮ್ಮಾ" ಎಂದಳು, ಅಷ್ಟೇ. ತೆಗೆದಿಟ್ಟೆ. ಗೋಡೆಯ ಮೇಲೆ ಅದರಷ್ಟೇ ಅಗಲದ ಬಿಳಿ ಚೌಕ ಉಳಿಯಿತು.

ಇದಾಗಿ ಎರಡು ವರ್ಷ. ಅಕ್ಕ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ, ಅದೂ ನನ್ನ ಹೆಗಲ ಮೇಲೆ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾವುದೂ ಒದ್ದೆಯಾಗಬಾರದೆಂದು ಅವಳೂ ಒದ್ದಾಡಿದಳು, ನಾನೂ ಒದ್ದಾಡಿದೆ. ಆದರೆ ಅವಳು ಪೆಟ್ಟಿಗೆಯನ್ನು ಕಟ್ಟಿ ಕಳಿಸುತ್ತಿದ್ದಳು. ನಾನು ಕಟ್ಟುತ್ತಲೇ ಇದ್ದೆ.

ನಿನ್ನೆ ಆ ಪುಡಿಕೆಯನ್ನು ಕಾಗದಪತ್ರದ ಸ್ಟೀಲ್ ಡಬ್ಬಿಯಲ್ಲಿ ಇಡಲು ಅವಳ ಕೋಣೆಗೆ ಹೋದೆ. ಹಳೆಯ ರೂಢಿ ಇದು. ಮನೆಗೆ ಬಂದ ಪುಡಿಕೆಗಳೆಲ್ಲ ಅವಳ ಪಾಸ್‌ಪೋರ್ಟಿನ ಸುತ್ತ ಬೀಳುತ್ತವೆ. ತೆಗೆದು ನೋಡಿದೆ. ಹಾಳೆಗಳು ಹೊಸದರಂತೆ ಗರಿಗರಿಯಾಗಿದ್ದವು, ಒಂದರ ಮೇಲೂ ಒಂದು ಶಿಕ್ಕಾ ಇಲ್ಲ.

ಹೊರಗೆ ಮಳೆ ಹಿಡಿಯಿತು. ಕಿಟಕಿ ಅರ್ಧ ತೆರೆದಿತ್ತು, ಒಂದೆರಡು ಹನಿ ಅವಳ ಕೈಮೇಲೆ ಬಿದ್ದವು. ಅವಳು ಅದನ್ನು ಸುಮ್ಮನೆ ನೋಡುತ್ತಿದ್ದಳು. ನಾನು ಕಿಟಕಿಯ ಬಳಿ ಹೋದೆ.

"ಪೂರಾ ತಗೀಲೇನ ಅಕ್ಕಾ? ಮಳಿ ಬಂತು ನೋಡು."

"ಬ್ಯಾಡೋ, ಹಾಕಿಬಿಡು" ಎಂದು ಸೆರಗಿನಿಂದ ಕೈ ಒರೆಸಿಕೊಂಡಳು. "ಕಬ್ಬಿಣದ ಮಂಚ ಅದ. ತುಕ್ಕು ಹಿಡೀತದ."

ಕಿಟಕಿ ಹಾಕಿದೆ. ಚಿಲಕ ಸರಿಯಾಗಿ ಕೂತಿದೆಯೇ ಎಂದು ಎರಡನೆಯ ಸಲ ನೋಡಲು ಕೈ ತಾನಾಗಿ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಎರಡೆರಡು ಸಲ ನೋಡಿ ಕಾಯುವಂಥದ್ದು ಆ ಕೋಣೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.