ಪನಿಷ್ಮೆಂಟ್ ಊರಿನ ಹೊಗಳಿಕೆ ಅರ್ಜಿ

ನನ್ನ ಮೊಮ್ಮಗಳು ಪವಿತ್ರ ನಮ್ಮೂರ ಸ್ಕೂಲಿಗೇ ಟೀಚರಾಗಿ ಬಂದಳು! ಇವತ್ತು ಬೆಳಿಗ್ಗೆ ಆರ್ಡರು ಬಂತು. ಮಡಕಶಿರ ಟೌನೇ ಸಿಗುತ್ತಿತ್ತು, ಹಿಂದೂಪುರದ ಪಕ್ಕದ ಊರೂ ಸಿಗುತ್ತಿತ್ತು, ಅಷ್ಟು ಒಳ್ಳೆಯ ರ‍್ಯಾಂಕು ಅವಳದು. ಆದರೂ ಕೆಲಸ ಖಾಲಿಯಿರುವ ಊರುಗಳ ಪಟ್ಟಿಯ ಕೊನೆಯಲ್ಲಿದ್ದ ನಮ್ಮೂರನ್ನೇ ಆರಿಸಿಕೊಂಡಳು. ನಾನು ಮೊಣಕಾಲು ನೋವು ಮರೆತು ಬೀದಿಯ ಅಷ್ಟೂ ಮನೆಗೆ ಬೆಲ್ಲ ಹಂಚಿ ಬಂದೆ. ಕೊನೆಯ ಮನೆ ನಾಗಪ್ಪನದು. ಯಾವುದೋ ಆಫೀಸಿನಲ್ಲಿ ಗುಮಾಸ್ತನಾಗಿದ್ದು ರಿಟೈರಾದವನು.

"ಬುದ್ಧಿವಂತೆ ಕಣಕ್ಕ ನಿನ್ ಮೊಮ್ಮಗಳು," ಅಂದ ಬೆಲ್ಲ ಬಾಯಿಗೆ ಹಾಕಿಕೊಂಡು. "ನಮ್ಮೂರು ಕೆಟಗರಿ ಫೋರು. ಇಲ್ಲಿ ಇದ್ದಷ್ಟು ವರ್ಷ ವರ್ಗಾವಣೆಗೆ ಪಾಯಿಂಟು ಜಾಸ್ತಿ ಬೀಳ್ತವೆ. ಆಮೇಲೆ ಒಳ್ಳೆ ಊರಿಗೆ ಹೋಗಬೋದು."

"ಕೆಟಗರಿ ಫೋರು ಅಂದ್ರೇನು?"

"ಯಾರೂ ಬರಾಕೆ ಒಪ್ಪದ ಊರು. ಮೂಲೇಲಿರೋದು."

"ಪನಿಷ್ಮೆಂಟ್ ಏರಿಯಾ ಅಂತ ಬಾಯಿಬಿಟ್ಟು ಹೇಳು."

"ಈಗ ಹಂಗನ್ನಲ್ಲಕ್ಕ," ಅಂತ ನಕ್ಕ.

ಅಷ್ಟು ಸಂತೋಷದ ದಿನ ನನಗೆ ಮೈಯೆಲ್ಲ ಉರಿಯಿತು. ಪದ ಬದಲಾಯಿಸಿದ್ದಾರೆ, ಅಷ್ಟೇ.

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಬಸ್ಸಿರಲಿಲ್ಲ. ರತ್ನಗಿರಿ ಬೆಟ್ಟದ ಬೆನ್ನಿಗಿರುವ ಈ ಹಳ್ಳಿಯಿಂದ ಎರಡು ಮೈಲಿ ನಡೆದರೆ ಮಡಕಶಿರದ ಬಸ್ಸು ಸಿಗುತ್ತಿತ್ತು. ಊರು ಆಂಧ್ರಕ್ಕೆ ಸೇರಿದ್ದರೂ ನಮ್ಮದು ಕನ್ನಡ ಮೀಡಿಯಂ ಸ್ಕೂಲು, ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಅವರು ಸೋಮವಾರ ಬಂದು ಇಡೀ ವಾರದ ರುಜು ಒಂದೇ ಸಲ ಹಾಕಿ, ಯಾರದಾದರೂ ಕಣದಲ್ಲಿ ಚೀಲದ ತುಂಬ ಕಡ್ಲೆಕಾಯಿ ತುಂಬಿಸಿಕೊಂಡು ಹೊರಟುಬಿಡುತ್ತಿದ್ದರು. ಮಿಕ್ಕ ದಿನ ನಾವು ಸ್ಕೂಲಿನ ಮುಂದೆ ಕುಂಟೆಬಿಲ್ಲೆ ಆಡುವುದು, ಹುಣಸೆಕಾಯಿಗೆ ಉಪ್ಪು ಹಚ್ಚಿ ಹಲ್ಲು ಜುಮ್ಮೆನ್ನುವವರೆಗೆ ತಿನ್ನುವುದು.

ಪನಿಷ್ಮೆಂಟ್ ಎನ್ನುವ ಪದ ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದು. ಆ ಮೇಷ್ಟ್ರು ಹೇಳುತ್ತಿದ್ದರು, ಕರೆಂಟು ಕಂಬ ನೋಡಲು ಬಂದ ಲೈನ್‌ಮನ್ ಹೇಳುತ್ತಿದ್ದ, ದನದ ಡಾಕ್ಟರು ಹೇಳುತ್ತಿದ್ದರು. ಟೀಗೆ ಹಾಲು ಕಡಿಮೆಯಾದರೆ "ಪನಿಷ್ಮೆಂಟ್ ಏರಿಯಾ ಅಲ್ವಾ!" ಕೆಸರಿನಲ್ಲಿ ಚಪ್ಪಲಿ ಹೂತರೂ ಅದೇ ಮಾತು. ನಮ್ಮವರಿಗೆ ಅರ್ಥ ಗೊತ್ತಿರಲಿಲ್ಲ. ತಾಲೂಕು, ಅದರೊಳಗಿನ ಫಿರ್ಕಾ ಇದ್ದ ಹಾಗೆ ಇದೂ ನಮ್ಮೂರಿಗೆ ಸರ್ಕಾರ ಇಟ್ಟಿರುವ ಹೆಸರು ಅಂದುಕೊಂಡಿದ್ದರು. ರೇಷ್ಮೆಗೂಡು ಮಾರಲು ಹೋದಾಗ ಯಾರಾದರೂ ಊರು ಕೇಳಿದರೆ ನಮ್ಮಪ್ಪ ಟವೆಲ್ಲು ಸರಿಮಾಡಿಕೊಂಡು "ನಮ್ದು ರತ್ನಗಿರಿ ಕಡೆ ಸಾಮಿ, ಪನಿಷ್ಮೆಂಟ್ ಏರಿಯಾ" ಅನ್ನುತ್ತಿದ್ದ. ಕೇಳಿದವರು ಗೊಳ್ಳೆಂದು ನಗುತ್ತಿದ್ದರು. ಅಪ್ಪನೂ ಅವರ ಜೊತೆ ನಗುತ್ತಿದ್ದ. ಅವನ ಪಕ್ಕ ನಿಂತು ನಾನೂ ನಕ್ಕಿದ್ದೇನೆ.

ವಾರಕ್ಕೊಂದು ದಿನ ಬರುವ ಮೇಷ್ಟ್ರ ಮೇಲೆ ಊರವರು ದೂರು ಬರೆದೂ ಕೊಟ್ಟಿದ್ದರು. ಆಫೀಸರು ಓದಿ, ನಮ್ಮೂರ ಯಜಮಾನರಾದ ಸಿದ್ದಪ್ಪತಾತನನ್ನೇ ಕೇಳಿದರಂತೆ, "ಅಲ್ಲಿಂದ ಅವನ್ನ ಎಲ್ಲಿಗೆ ಹಾಕಲಿ ಹೇಳು? ಅದಕ್ಕಿಂತ ಕೆಳಗೆ ಊರಿಲ್ಲ." ತಾತ ಬಂದು ಅದನ್ನು ಕಟ್ಟೆಯ ಮೇಲೆ ಹೇಳಿದಾಗ ಯಾರಿಗೂ ಸಿಟ್ಟು ಬರಲಿಲ್ಲ. ನನಗೇ ಈಗ ಎಲ್ಲರ ಪಾಲಿನದೂ ಸೇರಿ ಬರುತ್ತಿದೆ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ, ದಸರಾ ಕಳೆದು ಕಡ್ಲೆಕಾಯಿ ಕೀಳುವ ಹೊತ್ತಿಗೆ, ಆ ಮೇಷ್ಟ್ರು ಹೇಗೋ ವರ್ಗ ಮಾಡಿಸಿಕೊಂಡು ಹೋದರು. ಅವರ ಜಾಗಕ್ಕೆ ರಾಯದುರ್ಗದಿಂದ ಹೊಸಬರು ಬಂದರು. ಸಣ್ಣ ವಯಸ್ಸು. ಒಂದು ಟ್ರಂಕು, ಒಂದು ಚಾಪೆ. ಸ್ಕೂಲಿನಲ್ಲೇ ಮಲಗುವುದು, ಊಟ ದಿನಕ್ಕೊಂದು ಮನೆಯ ಸರದಿ. ಮೊದಲ ಸರದಿ ನಮ್ಮದು. ಅವರು ರೊಟ್ಟಿ ತಿನ್ನುವ ಸೀಮೆಯವರು, ರಾಗಿಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಹಲ್ಲಿಗೆಲ್ಲ ಮೆತ್ತಿಕೊಂಡು ಮಾತೇ ಹೊರಡದು.

"ಅಗೀಬಾರ್ದು ಸಾ, ನುಂಗಬೇಕು," ಅಂದೆ.

"ಮದ್ಲ ಹೇಳಬೇಕಲ್ಲವ್ವಾ!" ಅಂದರು ಕಣ್ಣಲ್ಲಿ ನೀರು ತುಂಬಿಕೊಂಡು. ನಮ್ಮಮ್ಮ ಒಲೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಅವರಿದ್ದ ಮೂರು ತಿಂಗಳಲ್ಲಿ ನಾನು ಕಲಿತಷ್ಟು ಮತ್ತೆಂದೂ ಕಲಿಯಲಿಲ್ಲ. ಕಡ್ಲೆಕಾಯಿ ಬಿಡಿಸುವ ಕಣಕ್ಕೇ ಬಂದು ಕೂತು ಅವರು ಮಗ್ಗಿ ಹೇಳಿಸುತ್ತಿದ್ದರು. ಹಸಿಕಾಯಿಯ ಮಣ್ಣಿನ ವಾಸನೆ, ಪಕ್ಕದಲ್ಲಿ ಮಡಕೆಯಲ್ಲಿ ಕಾಯಿ ಬೇಯುವ ಹಬೆ, ಅದರ ನಡುವೆ ಹದಿನಾರನೇ ಮಗ್ಗಿ. ಕೈ ಬಿಡಿಸುತ್ತಿದ್ದರೆ ಬಾಯಿ ಲೆಕ್ಕ ಹೇಳುತ್ತಿತ್ತು. ನನ್ನ ಅಕ್ಷರ ದುಂಡಗಿದೆ ಅಂತ ದಿನಾ ಬೋರ್ಡಿನ ಮೇಲೆ ಮೊದಲ ಸಾಲು ನನ್ನಿಂದಲೇ ಬರೆಸುತ್ತಿದ್ದರು. "ಐದು ಮುಗಿಸು, ರೊಳ್ಳ ಊರಾಗಿನ ಹೈಸ್ಕೂಲಿಗೆ ನಾನ ಸೇರಸ್ತೀನಿ" ಅಂದಿದ್ದರು.

ಒಂದು ದಿನ ಕೇಳಿಯೇಬಿಟ್ಟೆ, "ಸಾ, ಪನಿಷ್ಮೆಂಟ್ ಅಂದ್ರೆ ಏನು ಸಾ?"

"ಶಿಕ್ಷಾ ಅಂತ ಅರ್ಥವ್ವಾ. ತಪ್ಪು ಮಾಡಿದ ನೌಕರಸ್ಥರನ್ನ ಇಂಥಾ ಊರಿಗೆ ಕಳಸ್ತಾರ."

"ನೀವೇನು ತಪ್ಪು ಮಾಡಿದ್ರಿ ಸಾ?"

"ಒಬ್ಬ ದೊಡ್ಡವರ ಮಗ ಪರೀಕ್ಷೆಯೊಳಗ ನೋಡಿ ಬರೀತಿದ್ದ. ಎಬ್ಬಿಸಿ ಹೊರಗ ಕಳಿಸಿದೆ."

"ಮತ್ತೆ ನಾವೇನು ತಪ್ಪು ಮಾಡಿದ್ವಿ ಸಾ?"

ಅವರು ಎದ್ದು ಹೋಗಿ, ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೆ ಒರೆಸಿದರು.

ಸಂಕ್ರಾಂತಿ ಹತ್ತಿರವಾದಂತೆ ಊರವರಿಗೆ ಭಯ ಹತ್ತಿತು. ಬಂದವರೆಲ್ಲ ಓಡಿಹೋದ ಊರು ಇದು, ಇವರೂ ಹೋದರೆ? ಸಿದ್ದಪ್ಪತಾತ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿದ. "ನೀರಿಲ್ಲ ಅಂತ ಬರೆದ್ವಿ, ರಸ್ತೆ ಇಲ್ಲ ಅಂತ ಬರೆದ್ವಿ, ಮೇಷ್ಟ್ರು ಬರಲ್ಲ ಅಂತ ಬರೆದ್ವಿ. ಬೈದು ಬರೆದ ಅರ್ಜಿ ಒಂದೂ ನಡೀಲಿಲ್ಲ. ಈ ಸಲ ಹೊಗಳಿ ಬರೆಯಾನ. ಇಂಥಾ ಒಳ್ಳೆ ಮೇಷ್ಟ್ರನ್ನ ಕೊಟ್ಟಿದ್ದೀರಿ, ಇಲ್ಲೇ ಇರಲಿ ಅಂತ ಬರೆದ್ರೆ ಯಾವನು ಇಲ್ಲ ಅಂತಾನೆ?"

ಎಲ್ಲರಿಗೂ ಸರಿ ಅನ್ನಿಸಿತು. ಮೇಷ್ಟ್ರಿಗೆ ತಿಳಿಸಬಾರದು ಅಂತ ಮಾತಾಯಿತು. ಬರೆಯುವವರು ಯಾರು? ದುಂಡಗಿನ ಅಕ್ಷರ ನನ್ನದೇ.

ಅಪ್ಪ ಹೇಳುತ್ತಾ ಹೋದ. "ನಮ್ಮ ಈ ಪನಿಷ್ಮೆಂಟ್ ಊರಿನಲ್ಲಿ ಅಂತ ಶುರು ಮಾಡಮ್ಮಿ."

"ಬ್ಯಾಡಪ್ಪ. ಅದು ಬೈಗುಳ."

"ಯಾರೇ ಹೇಳಿದ್ದು? ಆಫೀಸಿನೋರೇ ಅಂತಾರೆ."

"ತಪ್ಪು ಮಾಡಿದೋರನ್ನ ತಂದು ಬಿಡೋ ಊರು ಅಂತಪ್ಪ ಅದರರ್ಥ. ಮೇಷ್ಟ್ರೇ ಹೇಳಿದ್ರು."

ಕಟ್ಟೆಯ ಮೇಲಿದ್ದವರೆಲ್ಲ ಅಪ್ಪನನ್ನೇ ನೋಡುತ್ತಿದ್ದರು. ಎಷ್ಟು ಜನರ ಮುಂದೆ ಆ ಮಾತು ಹೇಳಿಕೊಂಡಿದ್ದ, ಎಲ್ಲ ಒಟ್ಟಿಗೆ ನೆನಪಾಗಿರಬೇಕು. ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ಹಂಗಾರೆ ಅದನ್ನ ಬಿಡು. ಒಳ್ಳೇದಷ್ಟೇ ಬರಿ" ಅಂದ.

ಬರೆದೆ. ಮೇಷ್ಟ್ರು ದಿನಾ ಬರುತ್ತಾರೆ, ಕಣದಲ್ಲೂ ಪಾಠ ಮಾಡುತ್ತಾರೆ, ಮಕ್ಕಳನ್ನು ತಮ್ಮ ಮಕ್ಕಳಂತೆ ನೋಡುತ್ತಾರೆ. ಒಂದು ಪುಟ ತುಂಬ. ಕೆಳಗೆ ಊರಿಗೆ ಊರೇ ಹೆಬ್ಬೆಟ್ಟು ಒತ್ತಿತು. ಸಿದ್ದಪ್ಪತಾತ ಹೊಸ ಪಂಚೆ ಉಟ್ಟು ಆಫೀಸಿಗೆ ಹೋಗಿ ಕೊಟ್ಟು ಬಂದ.

ಹದಿನೈದು ದಿನಕ್ಕೆ ಮೇಷ್ಟ್ರು ಕೈಯಲ್ಲಿ ಕಾಗದ ಹಿಡಿದುಕೊಂಡು ಸ್ಕೂಲಿನ ಬಾಗಿಲಲ್ಲಿ ನಿಂತಿದ್ದರು. ಆಫೀಸಿನವರು ನಮ್ಮ ಅರ್ಜಿ ಓದಿ ಮೆಚ್ಚಿಕೊಂಡಿದ್ದರು. ಮನುಷ್ಯ ತಿದ್ದಿಕೊಂಡಿದ್ದಾನೆ, ನಡತೆ ಚೆನ್ನಾಗಿದೆ ಅಂತ ಊರೇ ಹೇಳುತ್ತಿದೆ, ಶಿಕ್ಷೆ ಸಾಕು ಅಂತ ತೀರ್ಮಾನಿಸಿ ರಾಯದುರ್ಗಕ್ಕೆ ವಾಪಸು ಹಾಕಿದ್ದರು.

"ಅರ್ಜಿ ಯಾರು ಬರದದ್ದು?" ಅಂತ ಕೇಳಿದರು.

ಕಾಗದದಲ್ಲಿ ಏನಿದೆ ಅಂತ ನನಗೆ ಇನ್ನೂ ತಿಳಿದಿರಲಿಲ್ಲ. ಎದೆಯುಬ್ಬಿಸಿ "ನಾನೇ ಸಾ" ಅಂದೆ.

"ಒಂದೂ ತಪ್ಪಿಲ್ಲವ್ವಾ," ಅಂದರು. ಅವರ ತಾಯಿಗೆ ಅಲ್ಲಿ ಮೈ ಸರಿಯಿರಲಿಲ್ಲವಂತೆ. ಹೋಗಲೇಬೇಕಿತ್ತು, ಹೋದರು.

ಅವರ ಮೇಲೆ ನನಗೆ ಯಾವತ್ತೂ ಕೋಪ ಬಂದಿಲ್ಲ. ಕೋಪ ಆ ಪದದ ಮೇಲೆ, ಅದನ್ನು ಬಳಸಿದವರ ಮೇಲೆ. ಕೆಟ್ಟವರನ್ನು ನಮ್ಮಲ್ಲಿಗೆ ತಂದು ಬಿಟ್ಟರು. ಒಳ್ಳೆಯವರು ಅಂತ ಗೊತ್ತಾದ ದಿನವೇ ಕಿತ್ತುಕೊಂಡು ಹೋದರು. ಆ ಪದದ ಬಳಕೆ ಅಷ್ಟೇ. ನಾಲ್ಕನೇ ತರಗತಿಯಲ್ಲಿ ನಾವು ಒಂಬತ್ತು ಮಕ್ಕಳಿದ್ದೆವು. ಆಮೇಲೆ ಬೇರೆ ಮೇಷ್ಟ್ರು ಬರದೆ ಎರಡು ವರ್ಷ ಸ್ಕೂಲಿಗೆ ಬೀಗ. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸಲು ಹೋದೆ, ಮಿಕ್ಕವರು ಹೊಲಕ್ಕೆ, ದನಕ್ಕೆ. ಐದನೇ ತರಗತಿಯ ಪುಸ್ತಕ ಹೇಗಿರುತ್ತದೆ ಅಂತ ಒಂಬತ್ತು ಜನರಲ್ಲಿ ಒಬ್ಬರೂ ನೋಡಲಿಲ್ಲ. ದುಂಡಗಿನ ಅಕ್ಷರದಲ್ಲಿ ನಾನು ಬರೆದ ದೊಡ್ಡ ಬರಹ ಅದೊಂದೇ, ನನ್ನ ಓದು ನಿಲ್ಲಿಸಿದ ಅರ್ಜಿ.

ಈ ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಮಗ, ಸೊಸೆ, ಪವಿತ್ರ, ಹಿಂದೂಪುರದಿಂದ ಬಂದ ಮಗಳು ಅಳಿಯ. ಸೊಸೆ ಒಬ್ಬಟ್ಟು ಮಾಡಿದ್ದಳು. ಮಗ ಎರಡನೇ ಒಬ್ಬಟ್ಟು ಮುರಿಯುತ್ತಾ, "ಅಮ್ಮಾ, ಊರೋರೆಲ್ಲ ಸೇರಿ ಇವಳಿಗೆ ಶಾಲು ಹೊದಿಸಿ, ಫೋಟೋ ಆಫೀಸಿಗೆ ಕಳಿಸ್ತಾರಂತೆ" ಅಂದ.

"ಯಾವನಾದ್ರೂ ಹೊಗಳಿದ್ರೆ ಕಾಲು ಮುರೀತೀನಿ!" ಅಂತ ಕೂಗಿಬಿಟ್ಟೆ. ಅಳಿಯನ ಕೈಯಿಂದ ತುಪ್ಪದ ಚಮಚ ಬಿತ್ತು.

"ಯಾಕಜ್ಜಿ?" ಅಂದಳು ಪವಿತ್ರ. ಆಗ ಹೇಳಿದೆ, ಈ ಅರ್ಜಿಯ ಕತೆಯನ್ನೆಲ್ಲ. ಮಗನಿಗೂ ಇದು ಗೊತ್ತಿರಲಿಲ್ಲ. ಕೇಳಿ ಮುಗಿಯುವಷ್ಟರಲ್ಲಿ ಅವಳ ಕೈಯ ಸಾರು ಒಣಗಿತ್ತು.

"ಐದನೇ ಕ್ಲಾಸಿನ ಪುಸ್ತಕ ನಾಳೆ ತಂದು ಕೊಡ್ತೀನಜ್ಜಿ. ನಾನೇ ಹೇಳಿಕೊಡ್ತೀನಿ."

"ನಂಗ್ಯಾಕೇ ಈಗ? ನನ್ನನ್ನ ಸಮಾಧಾನ ಮಾಡಾಕೆ ಬರಬ್ಯಾಡ. ಈ ವರ್ಷ ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳವ್ರೆ?"

"ಏಳು ಜನ."

"ಏಳೂ ಪುಸ್ತಕ ಅವರ ಕೈಗೆ ಕೊಡು."

"ಕೊಡ್ತೀನಿ," ಅಂದಳು. ಸೊಸೆ ನನ್ನ ತಟ್ಟೆಗೆ ಬಿಸಿ ಒಬ್ಬಟ್ಟು ಹಾಕಿ ತುಪ್ಪ ಬಿಟ್ಟಳು. ಎಲ್ಲರೂ ಮತ್ತೆ ಊಟಕ್ಕೆ ಕೈಹಾಕಿದರು. ನನ್ನ ಕೋಪ ಇಳಿದಿರಲಿಲ್ಲ, ಸಂತೋಷವೂ ಇಳಿದಿರಲಿಲ್ಲ. ಎರಡನ್ನೂ ಇಟ್ಟುಕೊಂಡೇ ಮೂರು ಒಬ್ಬಟ್ಟು ತಿಂದೆ.