ಹನ್ನೊಂದನೇ ಸಾಲು

ಆಂಗ್ ಥಾಂಗ್ ಊರಿನ ಹೊಳೆ ಬದಿಯಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡುವ ಥವಿನ್, ಐವತ್ತೇಳನೇ ವಯಸ್ಸಿನಲ್ಲೂ ನಮ್ಮ ಕಡೆಯವರ ಲೆಕ್ಕದಲ್ಲಿ ಹಸಿ ಗಂಡಸೇ. ಮದುವೆಗೆ ಮುಂಚೆ ಒಂದಿಷ್ಟು ದಿನವಾದರೂ ತಲೆ ಬೋಳಿಸಿಕೊಂಡು ಭಿಕ್ಖುವಾಗಿ ಬಂದವನೇ ಮಾಗಿದವನು. ಮಗನ ಕಾವಿ ಚೀವರದ ಅಂಚು ಹಿಡಿದು ತಾಯಿ ಸ್ವರ್ಗಕ್ಕೆ ಹೋಗುತ್ತಾಳೆ ಅನ್ನುವ ನಂಬಿಕೆ ಬೇರೆ. ಥವಿನ್ ಮದುವೆಯಾದ, ಮಗಳನ್ನು ಓದಿಸಿದ, ಅಂಗಡಿ ಕಟ್ಟಿದ. ಮಾಗುವುದಕ್ಕೆ ಮಾತ್ರ ಪುರುಸೊತ್ತು ಸಿಗಲಿಲ್ಲ.

ಪುರುಸೊತ್ತು ಸಿಗದಿದ್ದಕ್ಕೆ ಸಾಕ್ಷಿ ಅಂಗಡಿಯ ಗೋಡೆಯ ಮೇಲೇ ಇತ್ತು. ಹಳೇ ಕ್ಯಾಲೆಂಡರಿನ ಬೆನ್ನಿನಲ್ಲಿ ಅವನು ಬದುಕಿನ ಗುರಿಗಳನ್ನು ಸಾಲಾಗಿ ಬರೆದಿಟ್ಟಿದ್ದ. ಮೊದಲಿಗೆ ‘ಅಮ್ಮನಿಗಾಗಿ ದೀಕ್ಷೆ’ ಮೂರನೇ ಸಾಲಿನಲ್ಲಿತ್ತು. ಆಮೇಲೆ ಮಹಡಿ ಬಂತು, ಪಿಕಪ್ ಬಂತು, ಮೀನಿನ ಹೊಂಡ ಬಂತು, ಇನ್ನೂ ಏನೇನೋ ಬಂತು. ಒಂದೊಂದು ಬಂದಾಗಲೂ ದೀಕ್ಷೆ ಒಂದು ಮೆಟ್ಟಿಲು ಇಳಿದು ಈಗ ಹನ್ನೊಂದಕ್ಕೆ ಬಂದು ಕೂತಿತ್ತು. “ನಾನು ಸ್ವರ್ಗವನ್ನೇ ಮುಂದೂಡಿದ ಮನುಷ್ಯ” ಎಂದು ಗಿರಾಕಿಗಳಿಗೆ ತಾನೇ ಹೇಳಿ ನಗುತ್ತಿದ್ದ.

ಅವನ ಮನೆಯಲ್ಲೇ ಇದ್ದ ಅಮ್ಮ ಲಮಯ್‌ಗೆ ಎಂಬತ್ತಮೂರು. ಈ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆಗೇನೂ ಆಗಲಿಲ್ಲ. ಎತ್ತಿ ಕೂರಿಸಿದ ಮಗನನ್ನು ನೋಡಿ ಕೇಳಿದಳು:

“ನಿನ್ನ ಪಟ್ಟೀಲಿ ನಾನು ಸಾಯೋದು ಎಷ್ಟನೇ ಸಾಲು ಕಣೋ? ಅದಕ್ಕಿಂತ ಒಂದು ಸಾಲು ಮೇಲಕ್ಕಾದ್ರೂ ಹಾಕ್ಕೋ ದೀಕ್ಷೆನ.”

ಥವಿನ್‌ಗೆ ನಗು ಬರಲಿಲ್ಲ. ಮಾರನೇ ದಿನವೇ ಬೌದ್ಧ ವಿಹಾರಕ್ಕೆ ಹೋಗಿ ಹದಿನೈದು ದಿನದ ದೀಕ್ಷೆಗೆ ಹೆಸರು ಕೊಟ್ಟ.

ತಲೆಗೂದಲ ಜೊತೆ ಹುಬ್ಬೂ ಹೋದ ಮೇಲೆ ಅವನ ಮುಖ ಸುಲಿದ ಮೊಟ್ಟೆಯ ಹಾಗೆ ಕಂಡಿತು. ದೀಕ್ಷೆಗೆ ಮುಂಚೆ ಆಚಾರ್ಯರು ಪಾಲಿ ಭಾಷೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಒಂದು ವಾರ ಉರು ಹೊಡೆದಿದ್ದ. ಮೊದಲ ಐದು ರೋಗಗಳ ವಿಚಾರ, ಅದಕ್ಕೆ ‘ಇಲ್ಲ ಸ್ವಾಮಿ’. ಆರರಿಂದ ಮುಂದಕ್ಕೆಲ್ಲ ‘ಹೌದು ಸ್ವಾಮಿ’. ಕುಷ್ಠ ಇದೆಯೇ? ಇಲ್ಲ ಸ್ವಾಮಿ. ಮೂರ್ಛೆ ರೋಗ ಇದೆಯೇ? ಇಲ್ಲ ಸ್ವಾಮಿ. ಅಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಹೋಯಿತು. ಮಂಟಪದ ಸೂರಿನಲ್ಲಿ ಒಂದು ಕಡೆ ಹೆಂಚು ಒಡೆದಿತ್ತು. ಎಷ್ಟು ಹೆಂಚು ಬೇಕು, ಯಾವ ತಿಂಗಳಲ್ಲಿ ಹಾಕಿಸಬಹುದು ಎಂದು ಮನಸ್ಸು ಹೊರಟೇಬಿಟ್ಟಿತು.

“ನೀನು ಮನುಷ್ಯನೋ?” ಎಂದರು ಆಚಾರ್ಯರು. ಹಿಂದೆ ಯಾವುದೋ ನಾಗಸರ್ಪ ಮನುಷ್ಯರೂಪದಲ್ಲಿ ಬಂದು ದೀಕ್ಷೆ ತೆಗೆದುಕೊಂಡ ಕಾಲದಿಂದ ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

“ಇಲ್ಲ ಸ್ವಾಮಿ” ಎಂದ ಥವಿನ್, ಗಟ್ಟಿಯಾಗಿ.

ಹಿಂದಿನಿಂದ ಲಮಯ್‌ಳ ದನಿ ಬಂತು: “ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಸ್ವಾಮಿ!”

ಮುದಿ ಭಿಕ್ಖುಗಳೂ ಚೀವರದಲ್ಲಿ ಬಾಯಿ ಮುಚ್ಚಿಕೊಂಡರು. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ, ಬೆವರುತ್ತಿದ್ದ ಥವಿನ್‌ನನ್ನು ಹೇಗೋ ಮನುಷ್ಯನನ್ನಾಗಿ ಮಾಡಿಕೊಂಡರು.

ವಿಹಾರದಲ್ಲೂ ಅವನ ಬುದ್ಧಿ ಎಲ್ಲಿ ಹೋಗುತ್ತೆ? ಮೊದಲ ದಿನವೇ ಹಿರಿಯ ಗುರುಗಳನ್ನು ಕೇಳಿದ:

“ಗುರುಗಳೇ, ಹದಿನೈದು ದಿನದಲ್ಲಿ ಮನಸ್ಸು ಎಷ್ಟು ಶಾಂತ ಆಗ್ಬೇಕು? ಒಂದು ಗುರಿ ಹೇಳಿದ್ರೆ ಅನುಕೂಲ.”

“ಅಂಗಳ ಗುಡಿಸಿ” ಎಂದರು ಗುರುಗಳು.

ಗುಡಿಸಿದ. ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ಎಲೆ. ಮೂರನೇ ದಿನ ಅವನಿಗೆ ತಡೆಯಲಾಗಲಿಲ್ಲ. “ಈ ಮರದ ಎರಡು ಕೊಂಬೆ ಕಡಿಸಿಬಿಟ್ರೆ ಕೆಲಸ ಅರ್ಧ ಆಗುತ್ತೆ ಗುರುಗಳೇ.”

ಗುರುಗಳು ಮರವನ್ನು ನೋಡಿದರು, ಇವನನ್ನು ನೋಡಿದರು. ಭಿಕ್ಖುವಾದ ಮೇಲೆ ಹುಲ್ಲುಕಡ್ಡಿಯನ್ನೂ ಕೀಳಬಾರದವನು ಅರಳಿಮರ ಕಡಿಸಲು ಹೊರಟಿದ್ದ, ಅದೂ ಬುದ್ಧ ಕೂತ ಜಾತಿಯ ಮರ. “ಥೂ, ನನ್ನ ಬುದ್ಧಿಗಿಷ್ಟು” ಎಂದು ತನ್ನಷ್ಟಕ್ಕೆ ಬೈದುಕೊಂಡು ಪೊರಕೆ ಎತ್ತಿಕೊಂಡ.

ಬೆಳಗಿನ ಭಿಕ್ಷೆಯ ದಾರಿಯಲ್ಲಿ ಅವನ ಮನೆಯೂ ಇತ್ತು. ಗೇಟಿನ ಹತ್ತಿರ ಸ್ಟೂಲಿನ ಮೇಲೆ ಲಮಯ್ ಅನ್ನದ ಪಾತ್ರೆ ಹಿಡಿದು ಕಾಯುತ್ತಿದ್ದಳು. ಚಪ್ಪಲಿ ಬಿಟ್ಟು, ಹೆತ್ತ ಮಗನಿಗೆ ಕೈಮುಗಿದು, ಹೆಂಗಸರು ಭಿಕ್ಖುವನ್ನು ಮುಟ್ಟಬಾರದಾದ್ದರಿಂದ ಕೈ ತಾಗದ ಹಾಗೆ ಅವನ ಭಿಕ್ಷಾಪಾತ್ರೆಗೆ ಬಿಸಿ ಅನ್ನ, ಉಪ್ಪು ಮೊಟ್ಟೆ ಹಾಕುತ್ತಿದ್ದಳು. ಅವನು ಮಂತ್ರ ಹೇಳಬೇಕು, ಹರಟುವ ಹಾಗಿಲ್ಲ. ಲಮಯ್‌ಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

“ಸ್ವಾಮಿಗಳು ಇವತ್ತೂ ಬಂದ್ರಿ. ಸೊಸೆಗೆ ನೆಗಡಿ. ನಂಗೆ ರಾತ್ರಿ ಮಂಡಿ ನೋವು, ಈಗ ವಾಸಿ. ಕಣಗಿಲೆ ಮೊಗ್ಗು ಬಿಟ್ಟಿದೆ, ಅಲ್ನೋಡಿ.”

ಥವಿನ್ ನೋಡಿದ. ತನ್ನ ಮನೆಯ ಗೇಟಿನಲ್ಲಿ ಕಣಗಿಲೆ ಗಿಡ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಅಮ್ಮನ ಮಾತನ್ನು ಕೊನೆಯವರೆಗೆ ಕೇಳಿದ್ದೂ ಎಷ್ಟೋ ವರ್ಷದ ಮೇಲೆ ಅದೇ ಮೊದಲು. ಹೆಲ್ಮೆಟ್ ಹಾಕಿಕೊಂಡೇ ತಿಂಡಿ ತಿನ್ನುತ್ತಿದ್ದ ಗಂಡಸು ಅವನು. ಅವನಿಗೆ ನಾಚಿಕೆಯಾಯಿತು.

ಹದಿನಾರನೇ ಬೆಳಿಗ್ಗೆ ಚೀವರ ಬಿಟ್ಟು ಮನೆಗೆ ಬಂದವನು ಗೇಟಿನಲ್ಲಿ ಅಮ್ಮನ ಎದುರು ನಿಂತ. ಬೇರೆ ಭಿಕ್ಖುಗಳು ಆಗತಾನೇ ಭಿಕ್ಷೆ ಪಡೆದು ಹೋಗಿದ್ದರು.

“ಅಮ್ಮ, ಸ್ವರ್ಗ ಖಾತ್ರಿ ಆಯ್ತಾ?”

“ಅದ್ಯಾರಿಗೆ ಗೊತ್ತು? ಹದಿನೈದು ಬೆಳಿಗ್ಗೆ ನೀನು ನನ್ನ ಮುಂದೆ ನಿಂತಿದ್ಯಲ್ಲ, ಅದು ಸಿಕ್ತು” ಎಂದಳು. “ಬಗ್ಗು ಇಲ್ಲಿ.”

ಬಗ್ಗಿದ. ಇಷ್ಟು ದಿನ ಮುಟ್ಟಲಾಗದ ತಲೆಯನ್ನು ಅವಳು ಎರಡೂ ಕೈಯಿಂದ ಸವರಿದಳು. ಆಗಷ್ಟೇ ಚಿಗುರುತ್ತಿದ್ದ ಕೂದಲು ಅಂಗೈಗೆ ಚುಚ್ಚಿದ್ದಕ್ಕೆ ನಕ್ಕಳು. ಥವಿನ್‌ಗೆ ಇದನ್ನು ಬಿಡಬಾರದು, ದಿನಾ ಬೆಳಿಗ್ಗೆ ಅಮ್ಮನ ಹತ್ತಿರ ಕೂರಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು.

“ಬರ್ಕೋಬೇಡ ಕಣೋ” ಎಂದಳು ಲಮಯ್. “ಬರೆದ್ಯೋ, ಅದೂ ಹನ್ನೊಂದಕ್ಕೆ ಇಳಿಯುತ್ತೆ. ಕೂತ್ಕೋ, ಅನ್ನ ಆರ್ತಿದೆ.”

ಥವಿನ್ ಮೆಟ್ಟಿಲ ಮೇಲೆ ಕೂತ. ಅಂಗಡಿಯಿಂದ ಫೋನು ಎರಡು ಸಲ ಬಡಿದುಕೊಂಡಿತು. ಅವನು ಇನ್ನೊಂದು ತುತ್ತು ಅನ್ನ ಕೇಳಿ ಹಾಕಿಸಿಕೊಂಡ.